ಚಾವಡಿಯ ತಗಡಿನ ಚಂದ್ರ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎಷ್ಟೋ ಸಲ ಎದ್ದು ಹೋಗಿದ್ದೇನೆ. ಕಬ್ಬಿನ ಹಂಗಾಮು ಮುಗಿಯಲಿ ಅಂದೆ, ಮಗಳ ಲಗ್ನ ಮುಗಿಯಲಿ ಅಂದೆ. ಅವೆಲ್ಲ ಮುಗಿದವು. ಇನ್ನು ಮುಗಿಯಬೇಕಾದವನು ನಾನೊಬ್ಬನೇ.

ಮೊನ್ನೆ ನಮ್ಮೂರ ಹಳೆಯ ಚಾವಡಿಯನ್ನು ಕೆಡವಿದರು. ಅಟ್ಟದ ಮೇಲಿನ ಬೇಡಾದ ಅಡಗಲು ಸಾಮಾನು ಕೆಳಗೆ ಹಾಕುತ್ತಿದ್ದ ಗೌಂಡಿ ಒಂದು ಗೋಣಿಚೀಲ ಕೊಡವಿದಾಗ ಅಂಗೈಗಿಂತ ದೊಡ್ಡದಾದ ಒಂದು ಅರ್ಧಚಂದ್ರ ಕಲ್ಲಿನ ಮೇಲೆ ಬಿದ್ದು ಟಣ್ ಅಂದಿತು.

"ಅಜ್ಜಾ, ಇದು ಯಾವ ದೇವರದರಿ?" ಅಂದ ಗೌಂಡಿ.

"ದೇವರದಲ್ಲಪಾ. ಗಣಪತಿ ಮುಂದಿನ ದೇಖಾವೆದು" ಅಂದೆ.

ಧೋತರದ ಚುಂಗಿನಿಂದ ಒರೆಸಿದೆ. ಅಂಚಿನಲ್ಲಿ ತಾಮ್ರ ಹಸಿರುಗಟ್ಟಿತ್ತು, ನಡುವೆ ಮಾತ್ರ ಕಲಾಯಿ ಇನ್ನೂ ಹೊಳೆಯುತ್ತಿತ್ತು. ಆ ಹೊಳಪಿನ ಹಿಂದೆಯೇ ನವಸಾಗರದ ಹೊಗೆಯ ವಾಸನೆ ಮೂಗಿಗೆ ಬಂತು. ಮೂವತ್ತು ವರ್ಷದ ಮೇಲಾಯಿತು, ಆ ವಾಸನೆ ನಮ್ಮ ಓಣಿಯಲ್ಲಿ ಇಲ್ಲ. ಆದರೂ ಬಂತು...

ನಮ್ಮ ಮನೆಗೂ ಚಾಚಾನ ಮನೆಗೂ ನಡುವೆ ಒಂದೇ ಗೋಡೆ. ಅವನು ಕಲಾಯಿ ಹಾಕುವವನು. ಅಂಗಳದಲ್ಲಿ ಸಣ್ಣ ಕುಣಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತ ಕೂತಿರುತ್ತಿದ್ದ. ಕಾದ ಹಿತ್ತಾಳೆ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಮ್ಮೆ ಸವರಿದರೆ ಕಪ್ಪು ಪಾತ್ರೆಯೊಳಗೆ ಬೆಳದಿಂಗಳು. ಸದಲಗಾ ಸಂತೆಗೆ ಹೋಗುವ ಹೆಂಗಸರು ಪಾತ್ರೆ ಇಟ್ಟು ಹೋಗಿ, ಬರುವಾಗ ಒಯ್ಯುತ್ತಿದ್ದರು. "ಚಾಚಾ, ಹೋದ ಸಲದ್ದು ಎರಡ ತಿಂಗಳಿಗೇ ಹೋತು ನೋಡ" ಎಂದು ಯಾರಾದರೂ ಜಗಳ ತೆಗೆದರೆ, "ಹುಣಸಿಹಣ್ಣ ಹಚ್ಚಿ ತಿಕ್ಕಿರ್ತಿ, ನಿನ್ನ ಕೈ ಕೈಯೇನ ಬೇ, ಕಬ್ಬಿಣ ಉಜ್ಜೂ ಕಾನಸೇನ?" ಎಂದು ನಗಿಸಿಯೇ ಕಳಿಸುವನು.

ಅವನಿಗೆ ಇನ್ನೊಂದು ಕೆಲಸವಿತ್ತು. ಮೊಹರಮ್ಮಿನ ಪಂಜಾ ಅವನ ಮನೆತನದ ಸೇವೆ. ಹಸ್ತದಾಕಾರದ ಆ ಹಿತ್ತಾಳೆಯ ಪಂಜಾಗಳನ್ನು ತೊಳೆದು, ಬಟ್ಟೆ ಉಡಿಸಿ, ಊರ ಚಾವಡಿಯಲ್ಲಿ ಕೂಡಿಸುವವನು ಅವನೇ, ಕೊನೆಯ ದಿನ ಹೆಗಲ ಮೇಲೆ ಹೊತ್ತು ದೂಧಗಂಗಾ ಹೊಳೆಗೆ ಒಯ್ಯುವವನೂ ಅವನೇ. ಅವನಪ್ಪ, ಅವನಜ್ಜ, ಎಲ್ಲರೂ ಹಾಗೇ ಮಾಡುತ್ತ ಬಂದಿದ್ದರು. ಚಾವಡಿ ಅಂದರೆ ಸರ್ಕಾರದ ಕಟ್ಟಡ. ಒಳಗೆ ಹೊಲದ ಉತಾರ ಬರೆದುಕೊಡುವ ತಲಾಟಿ ಸಾಹೇಬರ ಮೇಜು, ಹೊರಗೆ ಮೂರು ಕಮಾನಿನ ಪಡಸಾಲೆ. ಅದೇ ಪಡಸಾಲೆಯಲ್ಲಿ ಭಾದ್ರಪದದಲ್ಲಿ ಗಣಪತಿ ಕೂಡುತ್ತಿದ್ದ, ಮೊಹರಮ್ಮಿನಲ್ಲಿ ಪಂಜಾ ಕೂಡುತ್ತಿದ್ದವು. ಸರ್ಕಾರದ ಜಾಗದಲ್ಲಿ ದೇವರೇಕೆ ಎಂದು ಆಗ ಯಾರೂ ಕೇಳಿರಲಿಲ್ಲ. ಸಣ್ಣವನಿದ್ದಾಗ ನಾನು ಜ್ವರ ಬಂದು ಉಳಿಯುವುದೇ ಇಲ್ಲ ಅನ್ನುವ ಹಾಗಾದಾಗ ಅವ್ವ ಪಂಜಾಕ್ಕೆ ಹರಕೆ ಹೊತ್ತು, ಸಕ್ಕರೆ ಓದಿಸಿ, ನನ್ನನ್ನು ಮೊಹರಮ್ಮಿನ ಫಕೀರನನ್ನಾಗಿ ಮಾಡಿದ್ದಳಂತೆ. ನನ್ನ ಕೊರಳಿಗೆ ಹರಕೆಯ ಕೆಂಪು ದಾರದ ಲಾಡಿ ಕಟ್ಟಿದ್ದು ಚಾಚಾ. ಕಟ್ಟಿದ ಜಾಗ, ಆ ನಡುವಿನ ಕಮಾನಿನ ಕೆಳಗೆ.

ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತದಲ್ಲ, ಹಾಗಾಗಿ ಎರಡೂ ಹಬ್ಬ ಕೂಡಿ ಬರುವುದು ಬಹಳ ಅಪರೂಪ. ಎಂಬತ್ತರ ದಶಕದ ನಡುವೆ ಒಂದು ವರ್ಷ ಕೂಡಿ ಬಂದವು. ಹಿಂದೆ ಹೀಗೆ ಬಂದಾಗ ಇಬ್ಬರನ್ನೂ ಪಕ್ಕಪಕ್ಕ ಕೂಡಿಸಿದ್ದರು, ಗಣಪತಿ ಹೊಳೆಗೆ ಹೋಗುವವರೆಗೆ ಮುಸಲ್ಮಾನರ ಮನೆಗಳಲ್ಲೂ ಮಾಂಸ ಬೇಯಿಸಿರಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನಾನು ಹೇಳುವ ಆ ವರ್ಷದ ತಲಾಟಿ ಸಾಹೇಬರು ಹೊಸಬರು, ಅಥಣಿ ಕಡೆಯವರು, ಬಹಳ ಕಟ್ಟುನಿಟ್ಟು. ಊರ ಗಣಪತಿ ಮಂಡಳಿಯ ಪರವಾಗಿ ಕೇಳಲು ಹೋದ ನನಗೆ ಹೇಳಿದರು:

"ಇದು ಸರಕಾರದ ಕಟ್ಟಡ ಐತಿ. ಕೊಟ್ರ ಇಬ್ಬರಿಗೂ ಕೊಡಬೇಕು, ಇಲ್ಲಂದ್ರ ಯಾರಿಗೂ ಇಲ್ಲ. ಆ ಕಡೆ ಕಮಾನ ನಿಮಗ, ಈ ಕಡೆದು ಅವರಿಗೆ. ನಡುವಿಂದು ಮಂದಿ ಹಾಯಾಕ ಬಿಡ್ರಿ."

ನ್ಯಾಯದ ಮಾತು. ಆದರೆ ನನ್ನ ತಲೆಯಲ್ಲಿ ಆ ವರ್ಷ ದೇಖಾವೆ ಹೊಕ್ಕಿತ್ತು.

ನಮ್ಮ ಕಡೆ ಗಣಪತಿ ಅಂದರೆ ಮೂರ್ತಿಯಷ್ಟೇ ಅಲ್ಲ, ಅವನ ಮುಂದಿನ ದೇಖಾವೆ. ಗೊಂಬೆಗಳು ಕೈಕಾಲು ಆಡಿಸಬೇಕು, ದೀಪ ಹತ್ತಿ ಆರಬೇಕು, ಹಿಂದಿನಿಂದ ಧ್ವನಿಮುದ್ರಿಕೆ ಮಾತಾಡಬೇಕು. ನಿಪ್ಪಾಣಿಯ ದೇಖಾವೆ ನೋಡಿ ಬಂದವರ ಮಾತು ದೀಪಾವಳಿಯಾದರೂ ಮುಗಿಯುತ್ತಿರಲಿಲ್ಲ. ನಾನು ಮ್ಯಾಟ್ರಿಕ್ ಪಾಸಾದವನು, ಮಂಡಳಿಯ ಅಧ್ಯಕ್ಷ, ತಾಲೂಕಿನ ಸ್ಪರ್ಧೆಯಲ್ಲಿ ಬಹುಮಾನದ ಡಾಲು ಗೆಲ್ಲಬೇಕೆಂಬ ಹುಚ್ಚು. ಆಗ ಬಹುಮಾನ ಬರುತ್ತಿದ್ದದ್ದು ರಾಷ್ಟ್ರೀಯ ಏಕತೆಯ ದೇಖಾವೆಗೆ. ನಾವೂ ಅದನ್ನೇ ಹಿಡಿದೆವು. ಒಂದು ಗುಡಿ, ಒಂದು ಮಸೀದಿ, ಮುಂದೆ ಟೋಪಿಯ ಗೊಂಬೆಯೂ ಪಟಗಾ ಸುತ್ತಿದ ಗೊಂಬೆಯೂ ಕೈಕುಲುಕುವುದು. ಗೊಂಬೆ ಆಡಿಸುವ ಮೋಟಾರು ಇಚಲಕರಂಜಿಯಿಂದ ಬಂತು. ಮಸೀದಿಯ ಗುಮ್ಮಟದ ಮೇಲಿನ ಚಂದ್ರ ಮಾಡಿಕೊಡು ಎಂದು ಚಾಚಾನಿಗೇ ಹೇಳಿದ್ದೆವು. ಅವನು ಒಡೆದ ಹಂಡೆಯ ತಾಮ್ರ ಕತ್ತರಿಸಿ ಖುಷಿಯಿಂದ ಬಡಿಯುತ್ತಿದ್ದ.

ಎಲ್ಲವನ್ನೂ ಅಳೆದು ನೋಡಿದರೆ ಮೂರೂ ಕಮಾನು ಬೇಕಾಗುತ್ತಿತ್ತು.

ತಲಾಟಿ ಸಾಹೇಬರ ಹತ್ತಿರ ಹೋಗಿ, "ಅವರೇ ಒಪ್ಯಾರ್ರಿ, ಈ ವರ್ಷ ಪಂಜಾ ಮಸೂತ್ಯಾಗ ಕೂಡಸ್ತಾರಂತ" ಅಂದೆ. ಅವರು ಚಿಕ್ಕೋಡಿಗೆ ಹೊರಟ ಗಡಿಬಿಡಿಯಲ್ಲಿದ್ದರು, "ಅವರ ಒಪ್ಪಿದ್ರ ಆತು" ಅಂದರು. ಅಲ್ಲಿಂದ ಸೀದಾ ಚಾಚಾನ ಅಂಗಳಕ್ಕೆ ಬಂದೆ. ಅವನು ತಿದಿ ಒತ್ತುತ್ತಿದ್ದ.

"ಚಾಚಾ, ಸರಕಾರದ ಕಟ್ಟಡದಾಗ ಪಂಜಾ ಬ್ಯಾಡ ಅಂದ್ರು ತಲಾಟಿ ಸಾಹೇಬರು."

ತಿದಿ ನಿಂತಿತು. "ಗಣಪತಿಗೆ?"

"ಗಣಪತಿಗೆ ಮ್ಯಾಲಿಂದ ಪರವಾನಗಿ ಮೊದಲ ಬಂದೈತಿ."

ಅವನು ನನ್ನ ಮುಖವನ್ನು ನೋಡಿದ. ನಾನು ಕುಣಿಯ ಕೆಂಡ ನೋಡುತ್ತಿದ್ದೆ. "ಸರಕಾರ ಅಂದ ಮ್ಯಾಲ ಆತ ಬಿಡ ತಮ್ಮಾ" ಎಂದು ಮತ್ತೆ ತಿದಿಗೆ ಕೈ ಹಾಕಿದ. ಬೇರೆ ಯಾರಾದರೂ ಹೇಳಿದ್ದರೆ ಚಾವಡಿಗೆ ಹೋಗಿ ಕೇಳುತ್ತಿದ್ದನೇನೋ. ಹೇಳಿದವನು ಅವನ ಕೈಯಿಂದಲೇ ಲಾಡಿ ಕಟ್ಟಿಸಿಕೊಂಡ ಹುಡುಗ... ಮರುದಿನ ಚಂದ್ರವನ್ನು ತಾನೇ ತಂದುಕೊಟ್ಟ. ಅಷ್ಟು ಬೆಳ್ಳಗೆ ಅವನು ಯಾವ ಪಾತ್ರೆಗೂ ಕಲಾಯಿ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಅವ್ವ ಸಕ್ಕರೆ ಓದಿಸಲು ಹಳ್ಳ ದಾಟಿ, ಕೆಸರು ತುಳಿದು ಮಸೀದಿಗೆ ಹೋಗಿ ಬಂದಳು. "ಪಂಜಾ ಚಾವಡ್ಯಾಗ ಯಾಕ ಕೂಡಸಿಲ್ಲಲೇ?" ಅಂದಳು. ಸರಕಾರ ಅಂದೆ. "ಸರಕಾರಕ್ಕ ಏನ ಬ್ಯಾನಿ ಬಂದೈತಿ? ನೀ ಉಳಿದ ಜಾಗಾ ಅದು" ಎಂದು ಕಾಲು ತೊಳೆಯಲು ಹೋದಳು.

ದೇಖಾವೆ ಶುರುವಾದ ಸಂಜೆ ಊರಿಗೆ ಊರೇ ಬಂದಿತ್ತು. ನಡುವಿನ ಕಮಾನಿನಲ್ಲಿ ರಟ್ಟಿನ ಮಸೀದಿ, ಅದರ ನೆತ್ತಿಯ ಮೇಲೆ ಚಾಚಾನ ಚಂದ್ರ. ಗೊಂಬೆಗಳು ಕೈಕುಲುಕಿದಾಗೆಲ್ಲ ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಚಾಚಾನೂ ಬಂದು ಹಿಂದೆ ನಿಂತಿದ್ದ. ಮಂಡಳಿಯವನೊಬ್ಬ ಕೂಗಿದ, "ಚಾಚಾ, ನಿನ್ನ ಚಂದ್ರ ಹೆಂಗ ಹೊಳ್ಯಾಕತ್ತೈತಿ ನೋಡ!"

"ಹೊಳೀತೈತಪಾ" ಅಂದ ಚಾಚಾ. "ಒಳಗ ಯಾರೂ ಇಲ್ಲ, ಅಷ್ಟ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಡಾಲು ನಮಗೇ ಬಂತು. ಆದರೆ ಆ ಕಡೆ ಅವನ ಮಂದಿ ಅವನನ್ನು ಬಿಡಲಿಲ್ಲ. ಅಜ್ಜ ಮುತ್ತಜ್ಜರ ಕಾಲದ ಜಾಗವನ್ನು ಒಂದು ಮಾತೂ ಆಡದೆ ಬಿಟ್ಟುಕೊಟ್ಟವನು, ಬಾಯಿಲ್ಲದವನು, ಪಂಜಾ ಹೊರಲು ಇವನೇಕೆ ಬೇಕು ಅಂದರು. ಮುಂದಿನ ವರ್ಷವೂ ಪಂಜಾ ಮಸೀದಿಯಲ್ಲೇ ಕೂತವು, ಬೇರೆಯವರ ಹೆಗಲೇರಿದವು. ಚಾಚಾ ಹೊಳೆಯ ದಂಡೆಯವರೆಗೆ ಬರಿಗೈಯಲ್ಲಿ ಹಿಂದೆ ನಡೆದದ್ದನ್ನು ನಮ್ಮ ಕಟ್ಟೆಯ ಮೇಲೆ ಕೂತು ನೋಡಿದೆ. ಬಲ ಹೆಗಲನ್ನು ಸ್ವಲ್ಪ ತಗ್ಗಿಸಿಕೊಂಡೇ ನಡೆಯುತ್ತಿದ್ದ, ಭಾರ ಇನ್ನೂ ಅಲ್ಲೇ ಇರುವ ಹಾಗೆ.

ಅದಾಗಿ ಸ್ವಲ್ಪ ದಿನಕ್ಕೆ ತಲಾಟಿ ಸಾಹೇಬರಿಗೆ ವರ್ಗವಾಯಿತು. ಸಾಮಾನು ಕಟ್ಟುವ ಮೊದಲು ಪಾತ್ರೆಗಳಿಗೆ ಕಲಾಯಿ ಹಾಕಿಸಲು ಚಾಚಾನ ಅಂಗಳಕ್ಕೆ ಬಂದರು. ಗೋಡೆಯ ಈಚೆ ನಾನಿದ್ದೆ. "ನಾ ನಿಮಗೊಂದು ಕಮಾನ ಇಟ್ಟಿದ್ದೆ, ನೀವಽ ಯಾಕ ಬ್ಯಾಡ ಅಂದ್ರಿ?" ಅಂದದ್ದು ಕೇಳಿಸಿತು. ಚಾಚಾ ತಿದಿ ಒತ್ತಿದ ಸದ್ದು ಬಂತು. ಆಮೇಲೆ, "ಮಸೂತ್ಯಾಗ ಜಾಗಾ ಅಗಲ ಇತ್ತರಿ ಸಾಹೇಬ್ರ" ಅಂದ.

ನನ್ನ ಹೆಸರು ಹೇಳಲಿಲ್ಲ. ತನ್ನ ಮಂದಿಗೂ ಹೇಳಲಿಲ್ಲ. ಹೇಳಿದ್ದರೆ ಅವನ ಮೇಲಿನ ಮಾತು ಹೋಗುತ್ತಿತ್ತು, ಸೇವೆ ತಿರುಗಿ ಬರುತ್ತಿತ್ತು, ಊರಲ್ಲಿ ಬಡಿದಾಟವೂ ಆಗುತ್ತಿತ್ತು. ಬಾವಿಯ ಹತ್ತಿರ ನಾನೊಬ್ಬನೇ ಸಿಕ್ಕಾಗ ಒಂದೇ ಮಾತು ಅಂದ:

"ತಮ್ಮಾ, ಸರಕಾರದ ಹೆಸರ ಹೇಳಬಾರದಿತ್ತು. ನನಗ ಜಾಗಾ ಬೇಕು ಚಾಚಾ ಅಂದಿದ್ರ ನಾನ ಬಿಡ್ತಿದ್ದೆ."

ಕೊಡ ತುಂಬಿಕೊಂಡು ಹೋದ. ನಾನು ನನ್ನ ಕೊಡವನ್ನು ಬಾವಿಗೆ ಇಳಿಬಿಟ್ಟೆ.

ತೊಂಬತ್ತರ ದಶಕದಲ್ಲಿ ದೂರದ ಗಲಾಟೆಯ ಸುದ್ದಿ ನಮ್ಮೂರಿಗೂ ಬಂದು ಮುಖಗಳು ಬಿಗಿದಾಗ, ಚಾವಡಿಯಲ್ಲಿ ಶಾಂತಿಸಭೆ ಕರೆದರು. ನಮ್ಮ ಕಡೆಯ ಹುಡುಗನೊಬ್ಬ ಎದ್ದು, "ಇವರ ಪಂಜಾನ ಸರಕಾರನಽ ಈ ಚಾವಡಿಯಿಂದ ತೆಗಿಸೇತಿ" ಅಂದ. ಅವರ ಕಡೆಯ ಹುಡುಗ ಎದ್ದು, "ಸರಕಾರ ಅವತ್ತಽ ನಿಮ್ಮ ಕಡೆ ಇತ್ತು" ಅಂದ. ಇಬ್ಬರೂ ಆಡುತ್ತಿದ್ದದ್ದು ನನ್ನ ಸುಳ್ಳನ್ನು. ಅದು ಊರ ಇತಿಹಾಸವಾಗಿ ಕೂತಿತ್ತು. ಕಮಾನಿಗೆ ಆತು ಕೂತಿದ್ದ ಚಾಚಾ ತಲೆ ಎತ್ತಿ ನನ್ನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಈಗಲಾದರೂ ಹೇಳುತ್ತೀಯೇನೋ ಎಂದು ಕಾಯುವ ಹಾಗಿತ್ತು. ನಾನು ಪಕ್ಕದವನ ಹತ್ತಿರ ತಂಬಾಕು ಕೇಳಿದೆ...

ಅಷ್ಟರಲ್ಲಿ ಮನೆಮನೆಗೆ ಸ್ಟೀಲಿನ ಪಾತ್ರೆಗಳು ಬಂದಿದ್ದವು. ಚಾಚಾನ ಕುಣಿಯಲ್ಲಿ ಬೆಂಕಿ ಆರಿತು, ಮರುವರ್ಷ ಅವನೂ ಹೋದ. ಮಣ್ಣಿಗೆ ಹೋಗಿದ್ದೆ. ಹೆಗಲು ಕೊಡಲು ಮುಂದೆ ಹೋದೆ, ಕೈ ಮೇಲೇಳಲಿಲ್ಲ.

ಈಗ ಚಾವಡಿಯ ಜಾಗದಲ್ಲಿ ಹೊಸ ಕಟ್ಟಡ ಬರುತ್ತದಂತೆ. ಅಲ್ಲಿ ಯಾವ ಹಬ್ಬಕ್ಕೂ ಅವಕಾಶವಿಲ್ಲವೆಂದು ಮೊದಲೇ ತಿಳಿಸಿದ್ದಾರೆ. ಸರಿಯಾದ ಮಾತೇ. ಎಲ್ಲರ ಕಟ್ಟಡ ಎಲ್ಲರಿಗೂ ಒಂದೇ ಸಮ ಇರಲಿ. ಆ ತಲಾಟಿ ಸಾಹೇಬರು ಹೇಳಿದ್ದೂ ಅದನ್ನೇ ಅಲ್ಲವೇ. ಆದರೆ ಇದು ನಿಜವಾಗಿಯೂ ಸರ್ಕಾರ ಆಡಿದ ಮಾತು. ಅಂದು ಸರ್ಕಾರದ ಬಾಯಿಂದ ಮಾತಾಡಿದವನು ನಾನು.

ಗೋಡೆಯ ಆಚೆಯ ಅಂಗಳದಲ್ಲಿ ಈಗ ಬೇರೆಯವರ ಮೋಟಾರು ಸೈಕಲ್ಲು ನಿಲ್ಲುತ್ತದೆ. ಚಂದ್ರವನ್ನು ಮನೆಗೆ ತಂದು ಇಟ್ಟುಕೊಂಡಿದ್ದೇನೆ. ಕೊಡಬೇಕೆಂದರೆ ಕೊಡುವುದು ಯಾರಿಗೆ? ಹುಟ್ಟಿದಾಗಿನಿಂದ ನಾನು ಅವನನ್ನು ಚಾಚಾ ಅಂದೆ, ಊರು ಕಲಾಯಿ ಚಾಚಾ ಅಂದಿತು. ತಪ್ಪಾಯಿತು ಎನ್ನಲು ಬಾಯಿ ತೆರೆದಿದ್ದರೂ ಚಾಚಾ ಎಂದೇ ಶುರು ಮಾಡುತ್ತಿದ್ದೆ. ತೆರೆಯಲಿಲ್ಲ. ಅವನಿಗೊಂದು ಹೆಸರಿತ್ತು, ಅದನ್ನಾದರೂ ಬರೆದು ಮುಗಿಸುತ್ತೇನೆ. ದಸ್ತಗೀರ.