ನಾನು ಜೋಡಿಸಿದ ತಂತಿ

ಪ್ರಕಾಶ, ಆ ಚಳಿಗಾಲದಲ್ಲಿ ನಿನ್ನ ಅತ್ತೆಯನ್ನು ಸಾವಿನ ಬಾಗಿಲಿಗೆ ಒಯ್ದವನು ನೀನಲ್ಲ, ನಾನು. ಅದನ್ನು ಮುಚ್ಚಿಟ್ಟು ಇಷ್ಟು ವರ್ಷ ನಿನ್ನ ಮನೆಯಲ್ಲೇ ಹಬ್ಬದೂಟ ಉಂಡೆ. ಮೊದಲ ತಪ್ಪಿಗಿಂತ ಇದು ದೊಡ್ಡದೇನೋ — ಗೊತ್ತಿಲ್ಲ.

ಇಂದಿರಾಬಾಯಿ ಆಂಟಿ ಧಾರವಾಡದಿಂದ ಅಮೆರಿಕದ ಈ ಫಾರ್ಮಿಂಗ್ಟನ್ ಹಿಲ್ಸ್‌ಗೆ, ಮಗಳು ನಿರ್ಮಲಾಳ ಮನೆಗೆ, ಬಂದಿದ್ದರು. ಮೊಣಕಾಲು ನೋವೆಂದು ಅವರಿಗೆ ಕೆಳಗಿನ ಕೋಣೆ ಕೊಟ್ಟಿದ್ದಿರಿ. ಅದರಡಿಯ ಬೇಸ್‌ಮೆಂಟಿನಲ್ಲೇ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್. ಸತ್ಯನಾರಾಯಣ ಪೂಜೆಯ ಜೊತೆ ಸಣ್ಣ ಹೋಮವನ್ನೂ ಇಟ್ಟುಕೊಂಡಿರಿ. ಹೊಗೆಗೂ ವಿಷಾನಿಲಕ್ಕೂ ಕೂಗುವ ಅಲಾರಂ ಹೋಮಕ್ಕೆ ಕಿರುಚದಿರಲೆಂದು ನೀನು ಅದರ ಬ್ಯಾಟರಿ ತೆಗೆದಿಟ್ಟೆ. ನಮ್ಮ ಮನೆಗಳಲ್ಲಿ ಅದೇನು ಹೊಸತಲ್ಲ, ಜೋರು ಒಗ್ಗರಣೆಗೂ ತೆಗೆಯುತ್ತೇವೆ. ನೀನು ತಿರುಗಿ ಹಾಕಲು ಮರೆತೆ.

ಊಟವಾದ ಮೇಲೆ ನೀನೆಂದೆ: "ಬಾಯ್ಲರ್ ಟೈಮರ್ ಕೆಟ್ಟದ ಅನಸ್ತದ ನೋಡೋ ಶ್ರೀಧರ. ಮುಂಜಾನಿಗೆ ಸೆಟ್ ಮಾಡಿರ್ತೀನಿ, ಒಮ್ಮೆ ಹತ್ತತದ, ಒಮ್ಮೆ ಇಲ್ಲ. ಅತ್ತಿ ಥಂಡಿಗೆ ನಡಗ್ತಾರ. ಟೆಕ್ನಿಷಿಯನ್‌ಗ ಕಾಲ್ ಮಾಡ್ಲೇನು?"

"ಇದಕ್ಕೆಲ್ಲಾ ಅವನ್ಯಾಕೋ? ನಾನಿದೀನಲ್ಲ!"

ನಾನಿದ್ದೆ — ಕಾರಿನ ಕಂಪನಿಯಲ್ಲಿ ವೈರಿಂಗ್ ನೋಡುವ ಎಂಜಿನಿಯರ್, ಅಲ್ಪವಿದ್ಯಾ ಮಹಾಗರ್ವಿ. ಟೈಮರಿನ ಗಡಿಯಾರ ಸರಿಯಾಗಿಯೇ ಓಡುತ್ತಿತ್ತು. ಹೊತ್ತು ಮುಂದಕ್ಕೆ ತಿರುಗಿಸಿದರೆ ಟಿಕ್ಕೆಂದು ಒಳಗಿನ ಸ್ವಿಚ್ಚೂ ಬೀಳುತ್ತಿತ್ತು. ಆದರೂ ಬಾಯ್ಲರ್ ಹೊತ್ತಲಿಲ್ಲ. ದೋಷ ಬೇರೆಲ್ಲೋ ಇದೆಯೆಂದು ಅಲ್ಲೇ ಹೊಳೆಯಬೇಕಿತ್ತು. ಹೊಗೆಕೊಳವೆಯ ಪಕ್ಕ ಇನ್ನೊಂದು ಪುಟ್ಟ ಸ್ವಿಚ್ಚಿತ್ತು. ಅದು ಯಾತಕ್ಕೆಂದು ನನಗೆ ತಿಳಿಯಲಿಲ್ಲ, ತಿಳಿಯದು ಎನ್ನಲು ಮರ್ಯಾದೆ ಅಡ್ಡ ಬಂತು. ಟೈಮರನ್ನೂ ಆ ಸ್ವಿಚ್ಚನ್ನೂ ತಪ್ಪಿಸಿ ಒಂದು ತುಂಡು ತಂತಿಯಿಂದ ನೇರ ಜೋಡಿಸಿದೆ. ಭುಗ್ಗೆಂದು ಉರಿ ಹತ್ತಿತು. ಹೊಸ ಟೈಮರ್ ಬರುವವರೆಗೆ ಹೀಗೇ ಇರಲಿ ಎಂದೆ. ತಂತಿಯ ಮಾತು ನಿನಗೆ ಹೇಳಲೇ ಇಲ್ಲ.

"ಮನಿ ಛಲೋ ಬೆಚ್ಚಗಾತು ನೋಡಪಾ, ನೂರು ವರ್ಷ ಬಾಳು," ಎಂದು ಆಂಟಿ ಹರಸಿದರು.

ಆಮೇಲೆ ಅವರಿಗೆ ಬೆಳಗಾದರೆ ತಲೆನೋವು, ಓಕರಿಕೆ. ಪಿತ್ತವೆಂದು ನಿರ್ಮಲಾ ಶುಂಠಿ ಕಷಾಯ ಮಾಡಿಕೊಟ್ಟಳು. ಇಲ್ಲಿಯ ಹವಾ ಒಗ್ಗಿಲ್ಲವೆಂದು ನಾನೂ ದನಿಗೂಡಿಸಿದೆ. ಮೇಲೆ ಮಲಗುತ್ತಿದ್ದ ನಿಮಗೂ ತಲೆ ಭಾರ. ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಒಂದು ಬೆಳಿಗ್ಗೆ ಅವರು ಏಳಲಿಲ್ಲ. ನೀನು ಫೋನಿನಲ್ಲಿ ಚೀರಿದ್ದು ಕೇಳಿ ಮೂರು ಮನೆ ದಾಟಿ ಓಡಿಬಂದೆ. ನೀವಿಬ್ಬರೂ ಅವರನ್ನು ಎತ್ತಿಕೊಂಡು ಹಿಮದ ಅಂಗಳಕ್ಕೆ ಹೊರಟಿದ್ದಿರಿ. ಕೋಣೆಯ ಕಿಟಕಿಗಾಜಿನ ಒಳಬದಿಯಲ್ಲಿ ಹಬೆ ನೀರಾಗಿ ಇಳಿಯುತ್ತಿತ್ತು. ಆಗ ತಿಳಿಯಿತು — ಬಾಯ್ಲರಿನ ಹೊಗೆ, ಕಣ್ಣಿಗೆ ಕಾಣದ ಅದರ ವಿಷಾನಿಲ, ಹೊರಗೆ ಹೋಗುತ್ತಲೇ ಇಲ್ಲ. ಬಾಯ್ಲರ್ ಆರಿಸುವ ನೆಪದಲ್ಲಿ ಕೆಳಗಿಳಿದೆ, ಆರಿಸಿದೆ, ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಆಂಟಿ ಸತ್ತಾರೆಂಬ ಭಯಕ್ಕಲ್ಲ, ಪ್ರಕಾಶ. ಸಿಕ್ಕಿಬೀಳುತ್ತೇನೆಂಬ ಭಯಕ್ಕೆ.

ಚಿಮ್ನಿ ಹಕ್ಕಿಗೂಡಿನಿಂದ ಕಟ್ಟಿಕೊಂಡಿತ್ತು. ಟೈಮರ್ ಚೆನ್ನಾಗಿಯೇ ಇದೆ ಎಂದ ಟೆಕ್ನಿಷಿಯನ್. ಹೊಗೆ ಒಳಗೆ ತಿರುಗಿದರೆ ಬಾಯ್ಲರನ್ನು ಆರಿಸಲೆಂದೇ ಆ ಪುಟ್ಟ ಸ್ವಿಚ್ಚಿದೆಯಂತೆ. ಅದಿದ್ದೂ ಉರಿ ಹೇಗೆ ಹತ್ತಿತೋ ಎಂದು ಅವನು ತಲೆ ಕೆರೆದುಕೊಂಡಾಗ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಜೇಬು ಮುಟ್ಟಿಕೊಂಡೆ. ಯಾರೂ ನೋಡಲಿಲ್ಲ. ನಿರ್ಮಲಾ ನಿನ್ನನ್ನೇ ನೋಡುತ್ತಿದ್ದಳು.

"ಬ್ಯಾಟರಿ ಹಾಕ್ರಿ ಅಂತ ಎಷ್ಟು ಸಲ ಬಡಕೊಂಡೆ! ನಮ್ಮ ಅವ್ವನ್ನ ನೀವೇ..."

ನೀನು ತಲೆ ತಗ್ಗಿಸಿದೆ. ನಾನು ನಿನ್ನ ಬೆನ್ನು ಸವರಿ ಸಮಾಧಾನ ಹೇಳಿದೆ. ಥೂ.

ಆಂಟಿ ಬದುಕಿದರು, ಆದರೆ ಮೊದಲಿನ ಆಂಟಿಯಾಗಿ ಅಲ್ಲ. ಒಬ್ಬರನ್ನೇ ಊರಿಗೆ ಕಳಿಸುವಂತಿಲ್ಲವೆಂದು ಇಲ್ಲೇ ಇಟ್ಟುಕೊಂಡಿರಿ. ಹಾಡುತ್ತಿದ್ದ ದೇವರನಾಮವನ್ನು ನಡುವೆ ನಿಲ್ಲಿಸಿ, ಮುಂದೇನೆಂದು ಮಗಳ ಮುಖ ನೋಡುತ್ತಾರೆ. ನಿರ್ಮಲಾ ನಿನ್ನೊಬ್ಬನ ಜೊತೆ ಅವರನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ನೀನು ಎದ್ದೆದ್ದು ಗ್ಯಾಸ್ ಒಲೆ ಮುಟ್ಟಿ ನೋಡುತ್ತೀಯ. ಮೊಬೈಲಿನಲ್ಲಿ ನಿನ್ನ ಹೆಸರು ಕಂಡರೆ ಇಂದಿಗೂ ಮೊದಲು ಬರುವುದು ಅದೇ ಯೋಚನೆ — ಗೊತ್ತಾಯಿತೇ? ಇವತ್ತೇ ಕೇಳುತ್ತಾನೆಯೇ?

ನಿನ್ನೆ ನೀನೇ ಕರೆದೆ. "ಬಾಯ್ಲರ್ ಮತ್ತ ಹತ್ತವಲ್ದು. ಟೈಮರೇ ಇರಬೇಕು. ನೀನs ಬಾರೋ, ನಿನ್ನ ಬಿಟ್ಟು ಯಾರ ಮ್ಯಾಲೂ ನಂಬಿಕಿಲ್ಲ ನನಗ."

"ಮುಟ್ಟಬೇಡ. ಟೆಕ್ನಿಷಿಯನ್‌ನ ಕರಿ."

"ಯಾಕೋ?"

ಫೋನಿಟ್ಟು ಇದನ್ನು ಬರೆಯಲು ಕೂತೆ. ನಿನ್ನ ಆ ಪ್ರಶ್ನೆಗೆ ಇದು ಉತ್ತರ. ಇದನ್ನು ನಿರ್ಮಲಾಗೆ ನೀನು ಓದಿ ಹೇಳು... ಇಲ್ಲ, ಅದೂ ನಿನ್ನ ತಲೆಗೆ ಬೇಡ. ನಾನೇ ಬಂದು, ಆಂಟಿಯ ಎದುರಿಗೆ ಕೂತು, ಅವಳಿಗೆ ಓದುತ್ತೇನೆ. ಆಂಟಿಗೆ ನಾಳೆ ಇದು ನೆನಪಿರಲಿಕ್ಕಿಲ್ಲ. ನಿರ್ಮಲಾಗೆ ಇರುತ್ತದೆ. ಇರಬೇಕು.