ಟೀವಿಯೊಳಗೆ ಸಾಕಿದ ನಾಯಿಗಳು

ನಾನು ಈವರೆಗೆ ಸಾಕಿದ ನಾಯಿಗಳ ಜಾತಿ ಹೇಳಿದರೆ ನೀವು ನನ್ನನ್ನು ಯಾವುದೋ ದೊಡ್ಡ ಎಸ್ಟೇಟಿನ ಒಡತಿ ಎಂದುಕೊಳ್ಳಬಹುದು. ಜರ್ಮನ್ ಶೆಫರ್ಡ್ ಇತ್ತು. ನೀಲಿ ಕಣ್ಣಿನ ಹಸ್ಕಿ ಇತ್ತು. ಬಾಲವನ್ನು ಚಕ್ಕುಲಿಯಂತೆ ಸುತ್ತಿಕೊಂಡ ಜಪಾನಿನ ಶಿಬಾ ಇತ್ತು. ಗಿಡ್ಡ ಕಾಲಿನ ಕಾರ್ಗಿಯಂತೂ ಮೂರು ಬೇರೆ ಬೇರೆ ಊರಿನಲ್ಲಿತ್ತು. ಒಂದಕ್ಕೂ ನಾನು ಸ್ನಾನ ಮಾಡಿಸಿಲ್ಲ, ಒಂದರ ಕೂದಲೂ ನನ್ನ ಸೀರೆಗೆ ಅಂಟಿಲ್ಲ. ಎಲ್ಲವೂ ಭದ್ರಾವತಿಯ ಜನ್ನಾಪುರದ ನಮ್ಮ ಮನೆಯ ಟೀವಿಯೊಳಗೆ ಹುಟ್ಟಿ ಅಲ್ಲೇ ಬೆಳೆದವು.

ನಾನು ವಿಡಿಯೋ ಗೇಮ್ ಆಡುತ್ತೇನೆ. ನಲವತ್ತು ದಾಟಿದ, ಶಿವಮೊಗ್ಗದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಹೆಂಗಸು ಗೇಮ್ ಆಡುತ್ತಾಳೆ ಎಂದರೆ ಜನ ಒಂದು ಥರ ನಗುತ್ತಾರೆ. ‘ಈ ವಯಸ್ಸಲ್ಲಿ ಅದೆಲ್ಲಾ ಏನ್ರೀ?’ ಎಂದು ಕೇಳುವವರು ಸಂಜೆಯಿಡೀ ಧಾರಾವಾಹಿ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅದು ಮಾತ್ರ ವಯಸ್ಸಿಗೆ ತಕ್ಕ ಕೆಲಸ! ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು, ಈಗ ಕೇಳಿದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ದಿನವಿಡೀ ಮಾತಾಡಿ, ಬಸ್ಸಿನಲ್ಲಿ ನಿಂತುಕೊಂಡು ಭದ್ರಾವತಿಗೆ ಬಂದವಳಿಗೆ ಯಾರ ಜೊತೆಗೂ ಮಾತಾಡದೆ ಒಂದು ನಾಯಿಯ ಜೊತೆ ಕಾಡು ಸುತ್ತುವುದು ಎಂಥ ಸುಖ ಎನ್ನುವುದನ್ನು ಅವರಿಗೆ ವಿವರಿಸುತ್ತಾ ಕೂರಲು ನನಗೆ ತಾಳ್ಮೆಯಿಲ್ಲ.

ನಿಜವಾದ ನಾಯಿಯನ್ನೇ ಸಾಕಬಹುದಿತ್ತಲ್ಲ ಎನ್ನುತ್ತೀರಿ. ಆಸೆ ಇದ್ದದ್ದೇ ಅದು. ಶಿವಮೊಗ್ಗದ ತವರಿನಲ್ಲಿ ನಾನು ನಾಯಿಯ ಹೊಟ್ಟೆಗೆ ತಲೆಯಿಟ್ಟು ಪರೀಕ್ಷೆಗೆ ಓದಿದವಳು. ಮದುವೆಯಾಗಿ ಜನ್ನಾಪುರಕ್ಕೆ ಬಂದಾಗ ಅತ್ತೆ ಬೇರೆ ಯಾವುದಕ್ಕೂ ಅಡ್ಡಿ ಮಾಡಲಿಲ್ಲ. ಕೆಲಸಕ್ಕೆ ಹೋಗು ಎಂದರು, ಚೂಡಿದಾರ ಹಾಕು ಎಂದರು. ನಾಯಿ ಮಾತ್ರ ಗೇಟಿನಿಂದ ಆಚೆ. ಅವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರು ಕುಡಿಯುವವರಲ್ಲ. ನಮ್ಮ ದೇವರ ಮನೆ ಎಂದರೆ ನಡುಮನೆಗೆ ಅಂಟಿಕೊಂಡ ಒಂದು ಸಣ್ಣ ಕೋಣೆ. ಅದಕ್ಕೆ ಬಾಗಿಲಿಲ್ಲ, ಹೂಬಳ್ಳಿಯ ಚಿತ್ರವಿರುವ ಒಂದು ಪರದೆ ಅಷ್ಟೇ. ‘ನಾಯಿ ಸುಮ್ನೆ ಇರುತ್ತಾ? ಮೂತಿ ತೂರಿಸಲ್ವಾ?’ ಎನ್ನುವುದು ಅವರ ವಾದ. ನಾಯಿ ಖಂಡಿತ ಮೂತಿ ತೂರಿಸುತ್ತದೆ ಎಂದು ನನಗೂ ಗೊತ್ತಿತ್ತು.

ಹಾಗಾಗಿ ನನ್ನ ತಮ್ಮ ತನಗೆ ಹೊಸದು ಕೊಂಡುಕೊಂಡು ಟೀವಿಗೆ ಜೋಡಿಸುವ ಹಳೆಯ ಗೇಮ್ ಡಬ್ಬವನ್ನು ನನಗೆ ಕೊಟ್ಟಾಗ ನಾನು ಹುಡುಕಿದ್ದು ನಾಯಿ ಇರುವ ಗೇಮುಗಳನ್ನು. ಅವುಗಳಲ್ಲೂ ಒಂದು ಜಾತಿಪದ್ಧತಿ ಇದೆ. ಯುದ್ಧ, ಬಂದೂಕು, ಹಾಳುಬಿದ್ದ ಊರು ಎಂದರೆ ನಾಯಕನ ಪಕ್ಕದಲ್ಲಿ ಜರ್ಮನ್ ಶೆಫರ್ಡ್ ಇರಲೇಬೇಕು. ಹಿಮ ಬಿದ್ದರೆ ಹಸ್ಕಿ. ಕಳ್ಳರ ಗೋದಾಮು ಕಾಯಲು ಡಾಬರ್‌ಮನ್. ಮುದ್ದು ಮಾಡಿಸಿಕೊಳ್ಳುವುದೊಂದೇ ಕೆಲಸವಾದರೆ ಕಾರ್ಗಿ. ನಮ್ಮ ಬೀದಿಯ ಕಂದು ನಾಯಿಯಂಥದ್ದು ಬಡ ದೇಶದ ಪೇಟೆ ತೋರಿಸುವ ಗೇಮಿನಲ್ಲಿ ಮಾತ್ರ ಬರುತ್ತದೆ. ಮೂಲೆಯಲ್ಲಿ ಬೊಗಳಿ ಓಡಿಹೋಗುತ್ತದೆ. ಹಸ್ಕಿಯ ತಲೆ ಸವರಲು ಒಂದು ಗುಂಡಿ ಕೊಟ್ಟಿರುತ್ತಾರೆ, ಈ ನಾಯಿಯ ಹತ್ತಿರ ಹೋಗಿ ಅದೇ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ನನಗೆ ಅದನ್ನು ಮಾಡಿದವರ ಮೇಲೆ ಇವತ್ತಿಗೂ ಸಿಟ್ಟಿದೆ.

ಹೋದ ವರ್ಷ ಅತ್ತೆಗೆ ಶಿವಮೊಗ್ಗದಲ್ಲಿ ಮಂಡಿ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ನಡುಮನೆಯ ದಿವಾನದ ಮೇಲೆ ಕಾಲು ಚಾಚಿಕೊಂಡು ಕೂರುವುದು, ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವುದು, ಮತ್ತೆ ಕೂರುವುದು. ಅವರ ಧಾರಾವಾಹಿ ಮುಗಿದ ಮೇಲೆ ನನ್ನ ಗೇಮು. ಮೊದಲು ಮುಖ ಆಚೆ ತಿರುಗಿಸಿ ಕೂರುತ್ತಿದ್ದರು. ಆಮೇಲೆ ಒಂದು ಕಣ್ಣು ಇತ್ತ ಬಂತು.

ನಾನಾಗ ಆಡುತ್ತಿದ್ದದ್ದು ಎಲ್ಲವೂ ಚೌಕ ಚೌಕ ಇರುವ ಒಂದು ಗೇಮು. ಮರ ಚೌಕ, ಮೋಡ ಚೌಕ. ಮರ ಕಡಿದು, ಕಲ್ಲು ಒಡೆದು ನಮ್ಮ ಮನೆಯನ್ನು ನಾವೇ ಕಟ್ಟಿಕೊಳ್ಳಬೇಕು. ಅಲ್ಲಿ ಕಾಡಿನ ತೋಳವನ್ನು ಪಳಗಿಸಿದರೆ ಅದು ಕೊರಳಿಗೆ ಪಟ್ಟಿ ಹಾಕಿಕೊಂಡು ನಾಯಿಯಾಗುತ್ತದೆ. ಪಳಗಿಸುವುದಕ್ಕೆ ಕೊಡಬೇಕಾದದ್ದು ಮೂಳೆ.

‘ಏನದು ಕೊಡ್ತಿರೋದು?’ ಅತ್ತೆ ಕೇಳಿದರು.

‘ಮೂಳೆ ಅತ್ತೆ.’

‘ನಮ್ಮ ಮನೇಲಾ?’

‘ಟೀವಿ ಒಳಗೆ.’

‘ಟೀವಿ ಎಲ್ಲಿದೆ ಮಾರಾಯ್ತಿ? ನಮ್ಮ ಮನೇಲೇ ತಾನೆ ಇರೋದು? ಹಾಲು ಅನ್ನ ಹಾಕು.’

ನನಗೆ ನಗು ತಡೆಯಲಾಗಲಿಲ್ಲ. ಹಾಲು ಅನ್ನ ಆ ಲೋಕದಲ್ಲಿ ಇಲ್ಲ, ರೊಟ್ಟಿ ಹಿಡಿದರೆ ತೋಳ ತಿರುಗಿಯೂ ನೋಡುವುದಿಲ್ಲ ಎಂದು ಹಿಡಿದು ತೋರಿಸಿದೆ. ಅತ್ತೆ ತುಂಬ ಹೊತ್ತು ಯೋಚಿಸಿ, ಅದರ ಹುಟ್ಟುಗುಣ ಅದು, ಏನು ಮಾಡೋಕಾಗುತ್ತೆ ಎಂದರು. ಸೋಮವಾರ ಮಾತ್ರ ಬೇಡ ಎಂದರು. ನೀವು ನಂಬಿದರೆ ನಂಬಿ, ನಮ್ಮ ಟೀವಿಯೊಳಗಿನ ನಾಯಿ ಸೋಮವಾರ ಮಾಂಸ ಮುಟ್ಟುತ್ತಿರಲಿಲ್ಲ. ಆ ಗೇಮಿನಲ್ಲಿ ನಾಯಿಯ ಗಾಯ ಮಾಯಬೇಕಾದರೆ ಮಾಂಸ ತಿನ್ನಿಸಬೇಕು, ಅವತ್ತು ಅದಕ್ಕೆ ಪೆಟ್ಟಾದರೆ ಮಂಗಳವಾರದವರೆಗೆ ನರಳಬೇಕು. ಹಾಗಾಗಿ ಸೋಮವಾರ ನಾವು ಕಾಡಿಗೇ ಹೋಗುತ್ತಿರಲಿಲ್ಲ, ಮನೆಯ ಸುತ್ತ ಗೋಧಿ ಬಿತ್ತುತ್ತಿದ್ದೆವು.

‘ನಾವು’ ಎಂದು ಯಾವಾಗ ಶುರುವಾಯಿತೋ ಗೊತ್ತಿಲ್ಲ. ಅತ್ತೆ ಹೇಳುವುದು, ನಾನು ಗುಂಡಿ ಒತ್ತುವುದು. ಆ ಮನೆಗೂ ಈ ಮನೆಯ ಕಾನೂನೇ. ನಾಯಿಯನ್ನು ಜಗಲಿಯ ಮೇಲೆ ಕೂರಿಸಿ ಬಾಗಿಲು ಹಾಕಬೇಕು. ನಾನು ಮರುಮಾತಾಡದೆ ಹಾಗೇ ಮಾಡುತ್ತಿದ್ದೆ. ಒಂದು ಸಂಜೆ ಆ ಲೋಕದಲ್ಲಿ ಹಿಮ ಸುರಿಯತೊಡಗಿತು. ನಾನು ಒಳಗೆ ಬೆಚ್ಚಗೆ ಒಲೆ ಹಚ್ಚಿಕೊಂಡಿದ್ದೆ. ಕಿಟಕಿಯಲ್ಲಿ ನಾಯಿಯ ಎರಡು ಚೌಕ ಕಿವಿ ಕಾಣುತ್ತಿದ್ದವು.

ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ. ‘ಒಳಗೆ ಕರ್ಕೊ. ಪಾಪ, ಚಳಿ.’

‘ನೀವೇ ಬೇಡ ಅಂದ್ರಲ್ಲ.’

‘ಅಂದೆ. ಈಗ ಕರ್ಕೊ ಅಂತಿದೀನಿ. ದೇವರ ಮನೆ ಕಡೆ ಬಿಡ್ಬೇಡ ಅಷ್ಟೇ.’

‘ಆ ಮನೇಲಿ ದೇವರ ಮನೆ ಎಲ್ಲಿದೆ ಅತ್ತೆ?’

ಅವರು ನನ್ನನ್ನು ನೋಡಿದ ನೋಟ! ಇಷ್ಟು ದಿನ ದೇವರ ಮನೆಯಿಲ್ಲದ ಮನೆಯಲ್ಲಿ ಸಂಸಾರ ಮಾಡಿದೆಯಾ ಎನ್ನುವ ಹಾಗಿತ್ತು. ‘ಕಟ್ಟು’ ಎಂದರು.

ಕಟ್ಟಿದೆ. ಮೂಲೆಯಲ್ಲಿ ಒಂದು ಪುಟ್ಟ ಕೋಣೆ, ಒಳಗೊಂದು ಕರಿಯ ಕಲ್ಲು, ಪಕ್ಕದಲ್ಲಿ ದೀಪ. ವಿಭೂತಿ ಇಲ್ಲವೇ ಎಂದು ಕೇಳಿದ್ದಕ್ಕೆ ಹಿಮದ ಒಂದು ಬಿಳಿ ಗಟ್ಟಿ ತಂದಿಟ್ಟೆ. ಕೊನೆಗೆ ಮರದ ಬಾಗಿಲು ಕೂರಿಸಿ ಮುಚ್ಚಿದೆ. ಆಮೇಲೆ ನಾಯಿ ಒಳಗೆ ಬಂತು. ಬಂದು ಒಲೆಯ ಮುಂದೆ ಕೂತಿತು. ನಾಯಿಗೆ ಪ್ರವೇಶವಿಲ್ಲ ಎನ್ನುವುದಕ್ಕೋಸ್ಕರ ದೇವರ ಮನೆ ಕಟ್ಟಿದವರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು. ಅತ್ತೆ ಅವತ್ತು ನಿಶ್ಚಿಂತೆಯಿಂದ ಊಟ ಮಾಡಿದರು.

ಅಲ್ಲಿಂದ ಮುಂದೆ ಅವರಿಗೆ ಜಾತಿಗಳ ಹುಚ್ಚು ಹತ್ತಿತು. ಬೇರೆ ಗೇಮುಗಳನ್ನೂ ಹಾಕಿಸಿ ಒಂದೊಂದರ ಹೆಸರು ಕೇಳಿ ಕಲಿತರು. ಕಾರ್ಗಿಯನ್ನು ಕಂಡರೆ ಅವರಿಗೆ ನಗು. ‘ಕಾಲು ಮಾಡೋವಾಗ ದೇವರಿಗೆ ಸಾಮಾನು ಸಾಲಲಿಲ್ಲ’ ಎನ್ನುತ್ತಿದ್ದರು. ಮಂಡಿ ತೋರಿಸಲು ಶಿವಮೊಗ್ಗಕ್ಕೆ ಹೋದ ದಿನ ಆಟೋದಲ್ಲಿ ಕೂತವರು ನನ್ನ ತೋಳು ಹಿಂಡಿದರು. ‘ಹಸ್ಕಿ! ಹಸ್ಕಿ ನೋಡೇ ಅಲ್ಲಿ!’ ನಿಜಕ್ಕೂ ಹಸ್ಕಿಯೇ. ಬೇಸಿಗೆಯ ಬಿಸಿಲಲ್ಲಿ ನಾಲಿಗೆ ಹೊರಗೆ ಚಾಚಿಕೊಂಡು, ಚೈನು ಹಿಡಿದ ಮಾಲೀಕನ ಹಿಂದೆ ಕಾಲೆಳೆಯುತ್ತಿತ್ತು. ಆಟೋದವನು ಕನ್ನಡಿಯಲ್ಲಿ ಅತ್ತೆಯನ್ನೇ ನೋಡುತ್ತಿದ್ದ, ಹಣೆ ತುಂಬ ವಿಭೂತಿ ಹಚ್ಚಿದ ಅಜ್ಜಿಗೆ ಇದೆಲ್ಲ ಹೇಗೆ ಗೊತ್ತು ಎಂದು.

ಅತ್ತೆ ಅದು ಮರೆಯಾಗುವವರೆಗೆ ಕತ್ತು ತಿರುಗಿಸಿ ನೋಡಿದರು. ‘ಹಿಮದಲ್ಲಿ ಇರೋದನ್ನ ತಂದು ಇಲ್ಲಿ ಬೇಯಿಸ್ತಾರಲ್ಲ, ಅವರಿಗೆ ಬುದ್ಧಿ ಬೇಡ್ವಾ? ನಮ್ಮ ಹವಾಕ್ಕೆ ನಮ್ಮ ನಾಯೇ ಸರಿ’ ಎಂದರು. ಮನೆ ಹತ್ತಿರ ಆಟೋ ಇಳಿದಾಗ ಗೇಟಿನ ಹೊರಗೆ ನನ್ನ ಕಂದು ನಾಯಿ ಮಲಗಿತ್ತು. ನನ್ನದು ಎಂದೆ, ಅದು ಬೀದಿಯದು. ಒಂದು ಕಿವಿ ಮಡಿಚಿಕೊಂಡಿರುವ ಉದ್ದ ಕಾಲಿನ ಹೆಣ್ಣು ನಾಯಿ. ನಾನು ಬಸ್ಸಿಳಿದು ಬರುವಾಗ ತಿರುವಿನಿಂದ ನನ್ನ ಜೊತೆ ನಡೆದು ಬಂದು ಗೇಟಿನ ಹತ್ತಿರ ನಿಲ್ಲುತ್ತದೆ. ಗೆರೆ ಎಳೆದ ಹಾಗೆ ಅಲ್ಲೇ ನಿಲ್ಲುತ್ತದೆ. ನಾನು ಒಬ್ಬಳೇ ಒಳಗೆ ಬರುತ್ತೇನೆ.

ಅವತ್ತು ಸಂಜೆ ಅತ್ತೆ ಕೇಳಿದರು. ‘ಇಷ್ಟೊಂದು ಜಾತಿ ಇದ್ಯಲ್ಲ, ನಮ್ಮ ಬೀದಿ ನಾಯಿ ಯಾವ ಗೇಮಲ್ಲಿದೆ? ಅದನ್ನ ಹಾಕು.’

‘ಅದನ್ನ ಸಾಕೋ ಗೇಮ್ ಇಲ್ಲ ಅತ್ತೆ. ಅದು ಹೊರಗೇ ಇರುತ್ತೆ.’

ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಬಾಯಿಗೆ ಬಂದೇಬಿಟ್ಟಿತು. ‘ಆ ಮನೇಲಿ ದೇವರ ಮನೆಗೆ ಬಾಗಿಲು ಇತ್ತು, ನಾಯಿ ಒಳಗೆ ಬಂತು. ನಮ್ಮಲ್ಲಿ ಪರದೆ.’ ಅತ್ತೆ ಊರುಗೋಲು ಹಿಡಿದು ಮಲಗಲು ಹೋದರು. ಅವರ ಮನಸ್ಸು ನೋಯಿಸಿದೆನೋ ಎಂದು ನನಗೆ ಬೇಸರವಾಯಿತು. ನಮ್ಮನೆಯವರು ಅಂಗಡಿಯಿಂದ ಬಂದ ಮೇಲೆ ಅವರ ಹತ್ತಿರ ಹೇಳಿಕೊಂಡೆ. ‘ನಿಮ್ಮಿಬ್ಬರ ನಡುವೆ ನಾನು ಬರಲ್ಲ’ ಎಂದು ತಟ್ಟೆ ಎಳೆದುಕೊಂಡರು.

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿಗೆ ಹಾಲಿಟ್ಟಿದ್ದೆ. ನಡುಮನೆಯಲ್ಲಿ ಹೊಸ ದನಿ ಕೇಳಿತು. ಬಗ್ಗಿ ನೋಡಿದರೆ ಪಕ್ಕದ ಬೀದಿಯ ಬಡಗಿ ದೇವರ ಮನೆಯ ಮುಂದೆ ಟೇಪು ಹಿಡಿದು ನಿಂತಿದ್ದಾನೆ. ಹೇಳಿಕಳಿಸಿದವರು ಅತ್ತೆಯೇ.

‘ಪೂರ್ತಿ ಬಾಗಿಲು ಮಾಡಿಸ್ಕೊಳ್ಳಿ ಅಮ್ಮ, ಸಣ್ಣ ಸಣ್ಣ ಗಂಟೆ ಜೋಡಿಸಿ ಕೊಡ್ತೀನಿ’ ಎನ್ನುತ್ತಿದ್ದ.

‘ಗಂಟೆ ಬೇಡ, ಅಲ್ಲಾಡಿಸ್ಕೊಂಡು ಆಟ ಆಡುತ್ತೆ. ಅರ್ಧ ಬಾಗಿಲು ಸಾಕು, ನಂಗೆ ಇಲ್ಲಿಂದ ದೇವರು ಕಾಣ್ಬೇಕು.’

ಬಡಗಿ ಸೊಂಟದ ಮಟ್ಟಕ್ಕೆ ಕೈಯಿಟ್ಟು ತೋರಿಸಿದ. ಅತ್ತೆ ತಲೆಯಾಡಿಸಿ ಊರುಗೋಲನ್ನು ತಮ್ಮ ಎದೆಯವರೆಗೆ ಎತ್ತಿದರು. ‘ಕಾರ್ಗಿ ಆಗಿದ್ರೆ ಅಷ್ಟು ಸಾಕಿತ್ತು. ನಮ್ಮದು ಉದ್ದ ಕಾಲಿಂದು, ಹಾರುತ್ತೆ. ಇಲ್ಲಿವರೆಗೆ ಮಾಡು.’

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ನಾನು ಅದನ್ನು ಒರೆಸುವ ಗೋಜಿಗೆ ಹೋಗದೆ ಒಲೆ ಆರಿಸಿ ಹೊರಗೆ ಬಂದು ನಿಂತೆ. ಕಣ್ಣು ತುಂಬಿಬಂದಿತ್ತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಅತ್ತೆ ನನ್ನ ಕಡೆ ನೋಡಲಿಲ್ಲ. ಬಾಗಿಲು ಯಾವತ್ತು ಬರುತ್ತದೆ ಎಂದು ಬಡಗಿಯನ್ನು ಕೇಳಿದರು. ಮುಂದಿನ ವಾರ ಎಂದ.

‘ಅಷ್ಟು ದಿನವಾ?’ ಎಂದು ಗೇಟಿನ ಕಡೆ ನೋಡಿದರು. ಅದು ಅಲ್ಲೇ ಮಡಿಚಿದ ಕಿವಿ ಕೆರೆದುಕೊಳ್ಳುತ್ತಾ ಕೂತಿತ್ತು. ‘ಅಷ್ಟರಲ್ಲಿ ಎಲ್ಲಾದ್ರೂ ಹೋಗ್ಬಿಟ್ರೆ?’

‘ಎಲ್ಲೂ ಹೋಗಲ್ಲ ಅತ್ತೆ.’

‘ನಿಂಗೇನು ಗೊತ್ತು?’ ಎಂದರು. ‘ಯಾವುದಕ್ಕೂ ಅದನ್ನ ಈ ಕಡೆ ಕರ್ಕೊಂಡು ಗೇಟ್ ಹಾಕ್ಬಿಡು ಮಾರಾಯ್ತಿ.’