ಪಡೀಲಿಗೆ ಮರಳಿದ ಚಿಪ್

ಮಂಗಳೂರಿನ ಕಂಕನಾಡಿ ಮಾರ್ಕೆಟಿನ ಹಿಂದೆ ಡೆನ್ಜಿಲ್ ಕಂಪ್ಯೂಟರ್ ಅಂಗಡಿ ತೆರೆದು ಇಪ್ಪತ್ತೆರಡು ವರ್ಷ. ಗಿರಾಕಿಗಳಿಗೆ ಕಂಪ್ಯೂಟರ್ ಜೋಡಿಸಿ ಕೊಡುವುದು ಅವನ ಕಸುಬು; ಓವರ್‌ಕ್ಲಾಕಿಂಗ್ ಅವನ ಹುಚ್ಚು. ತಯಾರಿಸಿದವರು ಇಷ್ಟೇ ವೇಗವೆಂದು ಗೆರೆ ಎಳೆದ ಪ್ರೊಸೆಸರ್ ಚಿಪ್ಪನ್ನು ಆ ಗೆರೆ ದಾಟಿಸಿ ಓಡಿಸುವ ಹುಚ್ಚು.

"ಒಂದೇ ತಾಯಿಯ ಮಕ್ಕಳು ಒಂದೇ ತರ ಇರ್ತಾರಾ ಮಾರಾಯ? ಚಿಪ್ಪೂ ಹಾಗೆಯೇ," ಎನ್ನುತ್ತಿದ್ದ. ಅದೇ ಮಾಡೆಲ್, ಅದೇ ಬೆಲೆ. ಆದರೆ ಒಂದು ಚಿಪ್ ವೇಗ ಸ್ವಲ್ಪ ಏರಿಸಿದ ಕೂಡಲೇ ಸ್ತಬ್ಧವಾಗುತ್ತದೆ. ಇನ್ನೊಂದು ಕಡಿಮೆ ವೋಲ್ಟೇಜಿನಲ್ಲೇ ಮೇಲೇರುತ್ತ ಹೋಗುತ್ತದೆ. ಯಾವುದು ಎಂಥದ್ದೆಂದು ಓಡಿಸಿ ನೋಡಿದ ಮೇಲೆಯೇ ತಿಳಿಯುವುದು.

ಸುರತ್ಕಲ್‌ನಲ್ಲಿ ಹವ್ಯಾಸಿಗಳು ವರ್ಷಕ್ಕೊಮ್ಮೆ ನಡೆಸುವ ಓವರ್‌ಕ್ಲಾಕಿಂಗ್ ಸ್ಪರ್ಧೆಗೆ ಡೆನ್ಜಿಲ್ ಆರು ಸಲ ಹೋಗಿ ಆರು ಸಲವೂ ಬರಿಗೈಯಲ್ಲಿ ಬಂದಿದ್ದ. ಈ ಸಲ ಹೊಸ ಚಿಪ್ ಕೊಂಡಿದ್ದ. ಅದು 5.2 ಗಿಗಾಹರ್ಟ್ಸ್ ದಾಟಲಿಲ್ಲ.

ಸ್ಪರ್ಧೆಗೆ ಹತ್ತು ದಿನವಿರುವಾಗ ಪಡೀಲಿನ ಮೋಹನದಾಸರ ಕಂಪ್ಯೂಟರ್ ಜೋಡಿಸಬೇಕಾಯಿತು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಅವರಿಗೆಂದು ತರಿಸಿದ ಚಿಪ್ ಕೂಡ ಅದೇ ಮಾಡೆಲ್. ಪರೀಕ್ಷೆಗೆಂದು ತನ್ನ ಬೋರ್ಡಿನಲ್ಲಿ ಕೂರಿಸಿ ವೇಗ ಏರಿಸುತ್ತ ಹೋದ. 5.3, 5.4, 5.5! ಬಿಸಿಯೂ ಅಷ್ಟಕ್ಕಷ್ಟೆ. ಇಂಥದ್ದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.

ಮೋಹನದಾಸರು ಇದನ್ನೆಂದೂ ಅಷ್ಟು ವೇಗದಲ್ಲಿ ಓಡಿಸುವವರಲ್ಲ. ಡಬ್ಬಿಯ ಮೇಲೆ ಬರೆದಷ್ಟು ವೇಗವನ್ನು ತನ್ನ ಚಿಪ್ಪೂ ಕೊಡುತ್ತದೆ. ಹಾಗೆಂದುಕೊಂಡು ಅವನು ಎರಡನ್ನೂ ಅದಲು ಬದಲು ಮಾಡಿದ.

ಆ ವರ್ಷ ಮೊದಲ ಬಹುಮಾನ ಅವನಿಗೇ ಬಂತು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆಂಡತಿ ಡಾಲಿ ಬಹುಮಾನದ ಫಲಕವನ್ನು ತಿರುಗಿಸಿ ನೋಡುತ್ತ ಕೇಳಿದಳು: "ನಿಮ್ಮ ಚಿಪ್ ಅಷ್ಟು ಏರುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"

ಅವನು ನಡೆದದ್ದನ್ನು ಹೇಳಿದ. "ಅವರಿಗೆ ಎಂತ ನಷ್ಟ ಆಯ್ತು, ಹೇಳು?"

"ಕೇಳಿದ್ರೆ ಅವರೇ ಕೊಡ್ತಿದ್ರೋ ಏನೋ. ನೀವು ಕೇಳ್ಲೇ ಇಲ್ಲ."

ಎರಡು ದಿನ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಭಾನುವಾರ ಪೂಜೆ ಮುಗಿಸಿ, ಆ ಚಿಪ್ಪನ್ನೂ ಜೊತೆಗಿಟ್ಟುಕೊಂಡು, ಇಗರ್ಜಿಯಿಂದ ನೇರ ಪಡೀಲಿಗೆ ಹೋದ.

ಮೋಹನದಾಸರು ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ಗೆದ್ದದ್ದು ನನ್ನ ಚಿಪ್ಪು!" ಎಂದು ನಕ್ಕರು. ಡೆನ್ಜಿಲ್‌ಗೆ ಹಗುರವಾಯಿತು, ಇನ್ನು ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆಂದುಕೊಂಡ. ಅವರ ನಗು ನಿಂತಿತು. "ಅದನ್ನು ವಾಪಸ್ ಹಾಕಿ ಕೊಡಿ."

"ಆಯ್ತು ಮೋಹನಣ್ಣ," ಎಂದ. ಅಂಥ ಚಿಪ್ ಇಲ್ಲಿ ಸುಮ್ಮನೆ ಕೊಳೆಯುತ್ತದಲ್ಲ ಎಂದು ಮನಸ್ಸು ಒಳಗೊಳಗೇ ಕಹಿಯಾಯಿತು.

ಒಳಕೋಣೆಯಲ್ಲಿ ಕಂಪ್ಯೂಟರಿನ ಎದುರು ಮೈಕ್ ಇತ್ತು. ಮೋಹನದಾಸರ ತಾಯಿ, ಎಂಬತ್ತಾರರ ಅಮ್ಮಣಿ, ನಾಟಿ ಮಾಡುವಾಗ ಹಾಡುತ್ತಿದ್ದ ಪಾಡ್ದನವೆಂಬ ತುಳು ಕಥನಗೀತೆಗಳನ್ನು ಮಗ ಧ್ವನಿಮುದ್ರಿಸುತ್ತಿದ್ದರು. "ಅಮ್ಮನ ಸ್ವರ ಈಗ ಬಹಳ ಸಣ್ಣ," ಎಂದರು ಅವರು. "ಈ ಕಂಪ್ಯೂಟರಿನ ಫ್ಯಾನಿನ ಶಬ್ದದಲ್ಲಿ ಅರ್ಧ ಮುಳುಗಿ ಹೋಗ್ತದೆ. ಬೇರೆ ಕೋಣೆಯಲ್ಲಿಡಲಿಕ್ಕೆ ಜಾಗ ಇಲ್ಲ."

ಡೆನ್ಜಿಲ್ ಫ್ಯಾನಿಗೆ ಕಿವಿಗೊಟ್ಟ. ಚಿಪ್ ಬದಲಿಸಿದ ಮೇಲೆ ಅವನು ವೇಗ ಏರಿಸಲಿಲ್ಲ. ವೋಲ್ಟೇಜನ್ನು ಇಳಿಸುತ್ತ ಬಂದ; ಅದು ಇಳಿದಷ್ಟೂ ಬಿಸಿ ಕಡಿಮೆ, ಫ್ಯಾನಿಗೆ ಕೆಲಸವೂ ಕಡಿಮೆ. ಬೇರೆ ಚಿಪ್ ಆಗಿದ್ದರೆ ಎಂದೋ ನಿಂತುಬಿಡುತ್ತಿತ್ತು. ಇದು ನಿಲ್ಲಲಿಲ್ಲ, ಬಿಸಿಯಾಗಲೂ ಇಲ್ಲ. ಫ್ಯಾನ್ ಮೆಲ್ಲಗಾಗಿ, ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವಂತಾಯಿತು.

ಅಮ್ಮಣಿ ಹಾಡಿದರು. ಉಸಿರೆಳೆದುಕೊಂಡದ್ದೂ ಹೆಡ್‌ಫೋನಿನಲ್ಲಿ ಕೇಳಿತು. ಮಗ ಮುದ್ರಿಸಿದ್ದನ್ನು ಮತ್ತೆ ಹಾಕಿ ಹೆಡ್‌ಫೋನನ್ನು ತಾಯಿಯ ಕಿವಿಗಿಟ್ಟರು. "ಇದು ನಾನಾ?" ಎಂದರು ಮುದುಕಿ.

ಅಂದಿನಿಂದ ಡೆನ್ಜಿಲ್ ಪ್ರತಿ ಗಿರಾಕಿಗೂ ಅವರ ಚಿಪ್ ಎಂಥದ್ದು, ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಚೀಟಿಯಲ್ಲಿ ಬರೆದು ಕೊಡುತ್ತಾನೆ. ಹೆಚ್ಚಿನವರು ಅದನ್ನು ಓದುವುದಿಲ್ಲ. ಸ್ಪರ್ಧೆಗೆ ಈಗಲೂ ತನ್ನ 5.2ರ ಚಿಪ್ ಹಿಡಿದುಕೊಂಡೇ ಹೋಗುತ್ತಾನೆ. ಕಳೆದ ಸಲ ಒಂಬತ್ತನೆಯವನಾಗಿ ಬಂದ.